ಜೋಲಿಯಲ್ಲಿ ರಾಗಿ ಕಾವಲು, ಬೆನ್ನ ಕೆಳಗೆ ಹುಲ್ಲಿನ ಚೀಲ

ಕಣ ಮುಗೀತು, ಸಂಕ್ರಾಂತಿನೂ ಮುಗೀತು. ಈಗ ಕೂತು ಬರೆಯೋಕೆ ಸ್ವಲ್ಪ ಪುರುಸೊತ್ತು ಸಿಕ್ಕಿದೆ. ಇಳುವರಿ ಎಷ್ಟು ಬಂತು, ಖರ್ಚು ಎಷ್ಟಾಯ್ತು ಅನ್ನೋ ಲೆಕ್ಕ ಮುಂದಿನ ಸಲ ಹಾಕ್ತೀನಿ. ಇವತ್ತು ಚಳಿ ವಿಚಾರ. ರಾತ್ರಿ ಹೊಲ ಕಾಯೋರು, ಕರೆಂಟಿಗೆ ಕಾಯ್ತಾ ಮೋಟ್ರು ಮನೇಲಿ ಮಲಗೋರು ದಯವಿಟ್ಟು ಪೂರ್ತಿ ಓದಿ. ಉದ್ದ ಇದೆ, ಗೊತ್ತು. ಅರ್ಧ ಓದಿ ಲೈಕ್ ಒತ್ತಿ ಹೋಗಬೇಡಿ.

ನಮ್ಮ ಹೊಲ ಊರಿಂದ ಒಂದೂವರೆ ಕಿಲೋಮೀಟರ್ ದೂರ, ಗುಡ್ಡದ ಬುಡದಲ್ಲಿ. ಒಂದೂಕಾಲು ಎಕರೆ ತೆಂಗು, ಎರಡು ಎಕರೆ ರಾಗಿ, ರಾಗಿ ಒಳಗೆ ಅಕ್ಕಡಿ ಸಾಲಲ್ಲಿ ಅವರೆ. ತಿಪಟೂರು, ಅರಸೀಕೆರೆ ಕಡೆಯವರಿಗೆ ಬಿಡಿಸಿ ಹೇಳೋದು ಬೇಡ, ತೆನೆ ಬಲಿಯೋ ಹೊತ್ತಿಗೆ ಸರಿಯಾಗಿ ಹಂದಿಗೆ ಯಾರು ಪತ್ರ ಬರೀತಾರೋ ಏನೋ, ಬಂದುಬಿಡ್ತವೆ. ತಿನ್ನೋದು ಕಾಲು ಭಾಗ, ತುಳಿದು ಹಾಳು ಮಾಡೋದು ಮುಕ್ಕಾಲು ಭಾಗ. ತೆನೆ ಬಲಿತಾಗಿಂದ ಹಿಡಿದು, ಕೊಯ್ದು, ಅರಿ ಹಾಕಿದ್ದು ಒಣಗಿ, ಕಟ್ಟು ಕಟ್ಟಿ ಮೆದೆ ಒಟ್ಟೋವರೆಗೂ ಮೂರು ವಾರ ಕಾವಲು ಇರಲೇಬೇಕು. ಆ ಮೂರು ವಾರನೂ ಸರಿಯಾಗಿ ಡಿಸೆಂಬರ್ ಚಳೀಲೇ ಬರುತ್ತೆ. ಕೆಲವರು ಬೇಲಿ ತಂತಿಗೆ ಲೈನ್ ಕರೆಂಟ್ ಬಿಡ್ತಾರೆ. ಅದರ ಬಗ್ಗೆ ನಾನು ಒಂದೇ ಮಾತು ಹೇಳೋದು, ಹಂದಿಗೆ ಇಟ್ಟ ಕರೆಂಟು ಹಂದೀನೇ ಹುಡುಕ್ಕೊಂಡು ಹೋಗಲ್ಲ.

ಹೋದ ವರ್ಷ ಏನಾಯ್ತು ಅಂತ ಮೊದಲು ಹೇಳಿಬಿಡ್ತೀನಿ. ಊರಲ್ಲಿ ಬೇರೆ ಬೇರೆ ಥರ ಸುದ್ದಿ ಓಡಾಡಿದೆ. ಕೆಲವರು ಗಾಳಿ ಸೋಕಿತು ಅಂದ್ರು, ಕೆಲವರು ಮಾವ ಅಳಿಯ ಇಬ್ಬರೂ ಕುಡಿದಿದ್ರು ಅಂದ್ರು. ಎರಡೂ ಅಲ್ಲ.

ಆಗ ಸೈಕ್ಲೋನ್ ಮೋಡ ಬಂದು ಎರಡು ದಿನ ತುಂತುರು ಹಿಡ್ಕೊಂಡಿತ್ತು. ಅರ್ಧ ರಾಗಿ ಕೊಯ್ದು ಬಿಟ್ಟಿದ್ವಿ. ಕಾವಲಿಗೆ ನನ್ನ ಜೊತೆ ತಂಗಿ ಮಗ ಬಂದಿದ್ದ. ಪಿಯುಸಿ ಓದೋ ಹುಡುಗ. ರಜಾ ಇತ್ತು, "ಮಾವ, ನಾನೂ ಹಂದಿ ಓಡಿಸೋಕೆ ಬರ್ತೀನಿ" ಅಂದ, ಕರ್ಕೊಂಡು ಹೋದೆ. ಹೊರಗೆ ಮಲಗೋ ಹಾಗಿರಲಿಲ್ಲ. ನಮ್ಮ ಮೋಟ್ರು ಮನೆ ಎಲ್ಲರೂ ನೋಡಿದ್ದೀರಿ, ಆರಡಿ ಎಂಟಡಿ, ಮೇಲೆ ಶೀಟು, ಒಂದೇ ಬಾಗಿಲು, ಕಿಟಕಿ ಇಲ್ಲ. ಕಳ್ಳರು ಕೇಬಲ್ ಕಿತ್ಕೊಂಡು ಹೋಗ್ತಾರೆ ಅಂತ ನಾನೇ ಕಿಟಕಿ ಇಡಿಸಿರಲಿಲ್ಲ. ಹೊರಗಡೆ ತೆಂಗಿನ ಚಿಪ್ಪು ಸುಟ್ಟು ಕಾಯಿಸ್ಕೊಂಡ್ವಿ. ಹೊಗೆ ಎಲ್ಲಾ ಹೋಗಿ ಕೆಂಡ ಕೆಂಪಗೆ ಆದ ಮೇಲೆ, ಇದನ್ನ ಯಾಕೆ ವೇಸ್ಟ್ ಮಾಡೋದು ಅಂತ ಹಳೇ ಕಬ್ಬಿಣದ ಬಾಣಲೀಲಿ ತುಂಬ್ಕೊಂಡು ಒಳಗೆ ಇಟ್ಕೊಂಡೆ. ಬಾಗಿಲು ಹಾಕಿ, ಬಾಗಿಲ ಸಂದಿಗೆ ಗೋಣಿಚೀಲನೂ ತುರುಕಿದೆ. ಎಂಥ ಬೆಚ್ಚಗಿತ್ತು ಅಂತೀರಿ. ಹುಡುಗ "ಮಾವ, ಇದು ಮನೆಗಿಂತ ಚೆನ್ನಾಗಿದೆ" ಅಂದ. ಅದಾದ ಮೇಲೆ ಮಲಗಿದ್ದು ಅಷ್ಟೇ ನೆನಪು.

ರಾತ್ರಿ ತ್ರೀ ಫೇಸ್ ಕೊಟ್ರು. ಸ್ಟಾರ್ಟರ್ ಆಟೋದಲ್ಲಿತ್ತು, ತಲೆ ಹತ್ತಿರಾನೇ ಟಪ್ ಅಂತ ಬಡೀತು. ಆ ಸದ್ದಿಗೆ ನನಗೆ ಎಚ್ಚರ ಆಯ್ತು. ಆಗಿದ್ದು ಎಚ್ಚರ ಅನ್ನೋಕೂ ಆಗಲ್ಲ. ತಲೆ ಸಿಡಿದು ಹೋಗ್ತಿದೆ, ಎದ್ದು ನಿಲ್ಲೋಣ ಅಂದ್ರೆ ಕಾಲು ನನ್ನವೇ ಅಲ್ಲ. ನಿಂತವನು ಬಿದ್ದೆ, ಹಣೆ ಬಾಗಿಲಿಗೆ ಬಡೀತು. ಚಿಲಕ ಎಲ್ಲಿದೆ ಅಂತ ಗೊತ್ತಾಗ್ಲಿಲ್ಲ. ಹದಿನೈದು ವರ್ಷದಿಂದ ದಿನಾ ತೆಗೆದು ಹಾಕಿದ ಚಿಲಕ ಅದು! ಹೇಗೋ ತೆಗೆದು ತೆವಳಿಕೊಂಡು ಹೊರಗೆ ಬಿದ್ದೆ. ಮಳೆ ಹನಿ ಮುಖಕ್ಕೆ ಬಿದ್ದು ಒಂದೆರಡು ನಿಮಿಷ ಆದ ಮೇಲೆ ಹುಡುಗ ಒಳಗಿದ್ದಾನೆ ಅನ್ನೋದು ನೆನಪಾಯ್ತು. ಒಂದೆರಡು ನಿಮಿಷ ಅಂತ ನಾನು ಹೇಳ್ತಿದ್ದೀನಿ, ಎಷ್ಟು ಹೊತ್ತೋ ದೇವರಿಗೇ ಗೊತ್ತು. ಕೂಗಿದೆ, ಏಳಲಿಲ್ಲ. ಕಾಲು ಹಿಡಿದು ಎಳೆದು ಹೊರಗೆ ಹಾಕಿದೆ. ಹೊರಗೆ ಬಂದ ಮೇಲೆ ವಾಂತಿ ಮಾಡ್ಕೊಂಡ. ವಾಂತಿ ನೋಡಿ ನಾನು ಅಷ್ಟು ಖುಷಿ ಪಟ್ಟಿದ್ದು ಜೀವಮಾನದಲ್ಲಿ ಇಲ್ಲ.

ಪಕ್ಕದ ತೋಟದವರು ಕಾರ್ ತಂದ್ರು, ಆಸ್ಪತ್ರೆಗೆ ಹೋದ್ವಿ, ಇಬ್ಬರಿಗೂ ಆಕ್ಸಿಜನ್ ಹಾಕಿದ್ರು. ಡಾಕ್ಟ್ರು ಬಿಡಿಸಿ ಹೇಳಿದ್ರು. ಕೆಂಡ ಉರಿಯೋವಾಗ ಕಾರ್ಬನ್ ಮಾನಾಕ್ಸೈಡ್ ಅನ್ನೋ ಗಾಳಿ ಬರುತ್ತೆ. ಬಣ್ಣ ಇಲ್ಲ, ವಾಸನೆ ಇಲ್ಲ, ಕೆಮ್ಮೂ ಬರಲ್ಲ. ನಮ್ಮ ರಕ್ತ ಆಮ್ಲಜನಕಕ್ಕಿಂತ 200 ಪಟ್ಟಿಗೂ ಜಾಸ್ತಿ ಬಲವಾಗಿ ಅದನ್ನ ಹಿಡ್ಕೊಳ್ಳುತ್ತೆ. ಉಸಿರಾಡ್ತಾ ಇರ್ತೀವಿ, ಆದರೆ ಮೈಗೆ ಉಸಿರು ಸಿಗ್ತಾ ಇರಲ್ಲ. ನಿದ್ದೇಲಿ ಇದ್ದೋರು ನಿದ್ದೇಲೇ ಹೋಗ್ತಾರೆ. ಹೊಗೆ ಇದ್ದಿದ್ರೆ ಕೆಮ್ಮಾದ್ರೂ ಬಂದು ಎದ್ದಿರ್ತಿದ್ವಿ. ಹೊಗೆ ಇಲ್ಲ ಅಂತ ಧೈರ್ಯ ಮಾಡಿ ಒಳಗೆ ತಂದ್ವಲ್ಲ, ಅಲ್ಲೇ ನಾವು ಎಡವಿದ್ದು.

ನಮ್ಮಪ್ಪನೂ ಬೆಂಕಿ ಹಾಕ್ಕೊಂಡೇ ಕಾವಲು ಕಾದೋರು. ಆದರೆ ಬಯಲಲ್ಲಿ. ಕಂಬಳಿ ಕೊಪ್ಪೆ ಹಾಕ್ಕೊಂಡು ಹುಲ್ಲಿನ ಮೆದೆಗೆ ಒರಗಿ ಕೂರೋರು, ಬೆಂಕಿ ಹತ್ತು ಮಾರು ದೂರದಲ್ಲಿ ಇರೋದು. ಶೀಟಿನ ಮನೆ, ಟಾರ್ಪಾಲ್ ಗುಡಿಸಲು, ಕಾರು, ಇದ್ಯಾವುದೂ ಅವರಿಗೆ ಇರಲಿಲ್ಲ. ಇಲ್ಲದೇ ಇದ್ದದ್ದೇ ಒಳ್ಳೇದಾಯ್ತೇನೋ.

ತಂಗಿ ಏನೂ ಬೈಯಲಿಲ್ಲ. ಬೈದಿದ್ರೆ ಚೆನ್ನಾಗಿತ್ತು. ಮಾತೇ ಬಿಟ್ಟಳು. ಆ ಸಂಕ್ರಾಂತಿಗೆ ಅವಳ ಮನೆಯಿಂದ ಎಳ್ಳು ಬರಲಿಲ್ಲ. ನಾವು ಕಳಿಸಿದ ಎಳ್ಳು, ಕಬ್ಬು ತಗೊಂಡಳು, ಡಬ್ಬಿ ಮಾತ್ರ ಖಾಲಿ ವಾಪಸ್ ಬಂತು. ನನ್ನ ಹೆಂಡತಿ ಆ ಡಬ್ಬೀನ ಅಡುಗೆಮನೆ ಅಟ್ಟದ ಮೇಲೆ ಇಟ್ಟಳು, ಇಡೀ ವರ್ಷ ಮುಟ್ಟಲಿಲ್ಲ.

ಈ ವರ್ಷ ರಾಗಿ ಬಲಿಯೋ ಹೊತ್ತಿಗೆ ಮೋಟ್ರು ಮನೆ ಒಳಗೆ ಮಲಗೋಕೆ ನನಗೆ ಆಗ್ಲಿಲ್ಲ. ಹಿಂದಿನ ಗೋಡೆ ಒಡೆಸಿ ಜಾಲರಿ ಕಿಟಕಿ ಇಡಿಸಿದ್ದೀನಿ, ಆದ್ರೂ ಒಳಗೆ ಹೋದ್ರೆ ಎದೆ ಹಿಡ್ಕೊಳ್ಳುತ್ತೆ. ನೆಲದ ಮೇಲೆ ಮಲಗೋಣ ಅಂದ್ರೆ ಕಟ್ಟುಹಾವಿನ ಭಯ. ಅದು ರಾತ್ರಿ ಓಡಾಡೋ ಹಾವು, ನೆಲದಲ್ಲಿ ಮಲಗಿದೋರನ್ನೇ ಕಚ್ಚೋದು, ಕಚ್ಚಿದ್ದು ಎಷ್ಟೋ ಸಲ ಗೊತ್ತೂ ಆಗಲ್ಲ. ಮೆದೆ ಪಕ್ಕ ಅಂತೂ ಇಲಿ ಇರ್ತವೆ, ಇಲಿ ಇದ್ದ ಕಡೆ ಅದೂ ಇರುತ್ತೆ.

ದೀಪಾವಳಿಗೆ ಬಂದಿದ್ದ ಮಗ ಬೆಂಗಳೂರಿಂದ ಒಂದು ಜೋಲಿ ತಂದಿದ್ದ. ಅವನು ಶನಿವಾರ ಭಾನುವಾರ ಬೆಟ್ಟ ಹತ್ತೋ ಗಿರಾಕಿ. ಪ್ಯಾರಾಚೂಟ್ ಬಟ್ಟೆ ಥರದ್ದು, ಮಡಿಚಿದ್ರೆ ಒಂದು ಸೇರು ಪಾವಿನಷ್ಟೇ ಆಗುತ್ತೆ. ಹ್ಯಾಮಕ್ ಅಂತಾರೆ ಅಪ್ಪ ಅಂದ. ನನ್ನ ಹೆಂಡತಿ ನೋಡಿ, "ಅಯ್ಯೋ, ನಿನ್ನ ಮಲಗಿಸ್ತಿದ್ದ ಸೀರೆ ಜೋಲೀನೇ ಅಲ್ವೇನೋ ಇದು, ಇದಕ್ಕೆ ಸಾವಿರಾರು ರೂಪಾಯಿ ಕೊಟ್ಯಾ?" ಅಂದಳು. ಇದು ಮೊದಲು ಬಳಕೇಲಿದ್ದಿದ್ದು ಅಮೆರಿಕಾ ಕಡೆ ಬಿಸಿ ಸೀಮೆಯಲ್ಲಂತೆ. 1492ರಲ್ಲಿ ಕೊಲಂಬಸ್ ಕೆರಿಬಿಯನ್ ದ್ವೀಪಕ್ಕೆ ಹೋದಾಗ ಅಲ್ಲಿನ ಟೈನೋ ಜನ ಹತ್ತಿ ನೂಲಿನ ಜೋಲೀಲಿ ಮಲಗ್ತಿದ್ರಂತೆ. ಆಮೇಲೆ ಹಡಗಿನವರು ಅದನ್ನೇ ಹಡಗಿಗೆ ಕಟ್ಟಿಕೊಂಡ್ರು. ಬಿಸಿ ಸೀಮೆಯ ವಸ್ತು ಅನ್ನೋದು ನೆನಪಿಟ್ಕೊಳ್ಳಿ, ಮುಂದೆ ಬರುತ್ತೆ.

ಎಲ್ಲಿ ಕಟ್ಟೋದು? ತೆಂಗಿನ ಮರ ಎರಡು ಹದವಾಗಿ ಪಕ್ಕ ಪಕ್ಕ ಇವೆ, ಫೋಟೋದಲ್ಲಿ ಎಲ್ಲರೂ ತೆಂಗಿನ ಮರಕ್ಕೇ ಕಟ್ತಾರೆ. ಆ ಫೋಟೋ ತೆಗೆಯೋರ ತಲೆ ಮೇಲೆ ಯಾವತ್ತೂ ಕಾಯಿ ಬಿದ್ದಿಲ್ಲ ಅಂತ ಕಾಣುತ್ತೆ. ಕಾಯಿ ಇರೋ ಮರದ ಕೆಳಗೆ, ಒಣಗಿದ ಗರಿ ನೇತಾಡೋ ಮರದ ಕೆಳಗೆ ಮಲಗೋದು ಬೇಡ. ನಾನು ಬದೀನಲ್ಲಿರೋ ಬೇವಿನ ಮರಕ್ಕೂ ಹೊಂಗೆ ಮರಕ್ಕೂ ಕಟ್ಟಿದೆ, ಮಧ್ಯೆ ಹನ್ನೆರಡು ಅಡಿ. ಹುಣಸೆ ಮರನೂ ಇತ್ತು. ಹುಣಸೆ ಮರದ ಕೆಳಗೆ ರಾತ್ರಿ ಮಲಗಬಾರದು ಅಂತ ಹೆಂಡತಿ ಹೇಳಿದ್ಲು. ನನಗೆ ಆ ನಂಬಿಕೆ ಇಲ್ಲ, ಆದ್ರೂ ಬೇವಿಗೇ ಕಟ್ಟಿದೆ.

ಮೊದಲನೇ ರಾತ್ರಿ ಕಥೆ ಕೇಳಿ. ಹಗ್ಗ ಚೆನ್ನಾಗಿ ಬಿಗಿದು ಮಂಚದ ಥರ ನೇರ ಮಾಡಿದೆ. ಹತ್ತಿ ಮಲಗಿದ್ರೆ ಎರಡೂ ಭುಜ ಒತ್ತಿ ಹಿಡೀತು, ಪಕ್ಕಕ್ಕೆ ತಿರುಗಿದ್ರೆ ಮಗುಚ್ಕೊಂಡು ಕೆಳಗೆ. ಮಗ ಫೋನಲ್ಲಿ ಹೇಳಿದ, ಬಿಗಿಬಾರದು ಅಪ್ಪ, ಹಗ್ಗ ಚೆನ್ನಾಗಿ ಇಳಿಜಾರು ಇರಬೇಕು, ಬಾಳೆಹಣ್ಣಿನ ಥರ ಬಾಗಿರಬೇಕು, ಅದರೊಳಗೆ ಉದ್ದಕ್ಕೆ ಮಲಗದೆ ಓರೆಯಾಗಿ ಮಲಗಬೇಕು ಅಂತ. ಹಾಗೆ ಮಾಡಿದ ಮೇಲೆ ಬೆನ್ನು ಚಪ್ಪಟೆ ಕೂತ್ಕೊಳ್ತು. ಸೊಂಟ ನೋವಿನವನು ನಾನು, ಮಂಚಕ್ಕಿಂತ ಚೆನ್ನಾಗಿತ್ತು ಅಂದ್ರೆ ನಂಬಿ.

ಹನ್ನೆರಡು ಗಂಟೆವರೆಗೆ ರಾಜನ ಥರ ಮಲಗಿದ್ದೆ. ಆಮೇಲೆ ಶುರುವಾಯ್ತು. ಮೇಲೆ ಎರಡು ಕಂಬಳಿ, ಒಂದು ದುಪ್ಪಟಿ, ತಲೆಗೆ ಮಫ್ಲರ್. ಎದೆ ಬೆಚ್ಚಗಿದೆ, ಬೆನ್ನು ಮಾತ್ರ ಮಂಜುಗಡ್ಡೆ ಮೇಲೆ ಇಟ್ಟಂಗೆ. ಒಂದು ಕಂಬಳಿ ತೆಗೆದು ಕೆಳಗೆ ಹಾಸ್ಕೊಂಡೆ, ಏನೂ ಪ್ರಯೋಜನ ಆಗ್ಲಿಲ್ಲ. ಮೊಬೈಲ್ 13 ಡಿಗ್ರಿ ತೋರಿಸ್ತಿತ್ತು. 13 ಡಿಗ್ರಿಗೆ ಹಲ್ಲು ಕಟಕಟ ಅನ್ನುತ್ತಾ ಅಂತ ಕೊಡಗಿನವರು ನಗಬಹುದು, ಗಾಳಿಗೆ ಬೆನ್ನು ಕೊಟ್ಟು ಮಲಗಿ ನೋಡ್ಲಿ. ಮೂರು ಗಂಟೆಗೆ ಎದ್ದು ಹೊಲದ ಸುತ್ತ ನಡೆದಾಡ್ತಾ ಬೆಳಗು ಮಾಡಿದೆ. ಹಂದಿ ಬರಲಿಲ್ಲ. ಅವಕ್ಕೂ ಚಳಿ ಇರಬೇಕು.

ನಡೀತಾ ನಡೀತಾ ಯೋಚನೆ ಮಾಡಿದೆ. ಕಂಬಳಿ ಏನೂ ಶಾಖ ಕೊಡಲ್ಲ. ಶಾಖ ಕೊಡೋದು ನಮ್ಮ ಮೈಯೇ. ಕಂಬಳಿ ಉಣ್ಣೆ ಸಂದೀಲಿ ನಿಂತಿರೋ ಗಾಳಿ ಆ ಶಾಖನ ಹೊರಗೆ ಬಿಡಲ್ಲ, ಅಷ್ಟೇ. ಮೇಲೆ ಹೊದ್ದ ಕಂಬಳಿ ಉಬ್ಬಿಕೊಂಡಿರುತ್ತೆ, ಗಾಳಿ ಇರುತ್ತೆ. ಬೆನ್ನ ಕೆಳಗೆ ಹಾಕಿದ್ದು ನಮ್ಮ ಭಾರಕ್ಕೆ ಅಪ್ಪಚ್ಚಿ ಆಗಿ ಹಪ್ಪಳದ ಥರ ಆಗುತ್ತೆ, ಗಾಳಿ ಎಲ್ಲಿ ಬಂತು? ಜೊತೆಗೆ ಜೋಲಿ ಕೆಳಗೆ ಗಾಳಿ ಸುಯ್ಯಂತ ಬೀಸ್ತಾ ಇದ್ದ ಬಿಸೀನೂ ಒಯ್ಯುತ್ತೆ. ಕೆರಿಬಿಯನ್ ಸೆಕೆಗೆ ಅದೇ ಸುಖ. ನಮ್ಮ ಮಾಗಿ ಚಳಿಗೆ ಅದೇ ಶಿಕ್ಷೆ.

ಮಗನ್ನ ಕೇಳಿದ್ರೆ, ಅದಕ್ಕೆ ಅಂತಾನೇ ಒಂದು ರಜಾಯಿ ಬರುತ್ತೆ, ಜೋಲಿ ಒಳಗೆ ಹಾಸಲ್ಲ, ಜೋಲಿ ಹೊರಗಡೆ ಕೆಳಗೆ ತೂಗಿ ಹಾಕ್ತಾರೆ ಅಂದ. ನಮ್ಮ ಭಾರ ಅದರ ಮೇಲೆ ಬೀಳಲ್ಲ, ಅದಕ್ಕೇ ಅಪ್ಪಚ್ಚಿ ಆಗಲ್ಲ. ಬೆಲೆ ಹೇಳಿದ. ಒಂದು ಕುರಿ ಬರುತ್ತೆ. ಬೇಡ ಕಣಪ್ಪ ಅಂದೆ.

ಮನೇಲಿ ಗೋಣಿಚೀಲ ಇದ್ದವು. ನಾಲ್ಕು ಚೀಲ ಬಿಚ್ಚಿ ಒಂದಕ್ಕೊಂದು ಸೇರಿಸಿ ದಬ್ಬಳದಲ್ಲಿ ಹೊಲಿದು, ಎರಡು ಪದರ ಮಾಡಿ ಒಳಗೆ ಒಣ ಹುಲ್ಲು ತುಂಬಿದೆ. ಹುಲ್ಲು ಒಂದು ಕಡೆ ಜಾರಬಾರದು ಅಂತ ಅಡ್ಡಡ್ಡ ನಾಲ್ಕು ಹೊಲಿಗೆ. ಭುಜದಿಂದ ಮಂಡಿವರೆಗೆ ಬರೋ ಅಷ್ಟು ಉದ್ದ, ದಪ್ಪ ಒಂದು ಗೇಣು. ನಾಲ್ಕು ಮೂಲೆಗೆ ಹಗ್ಗ ಹಾಕಿ ಜೋಲಿ ಕೆಳಗೆ, ಮುಟ್ಟಿಯೂ ಮುಟ್ಟದ ಹಾಗೆ ತೂಗಿ ಕಟ್ಟಿದೆ. ಜಾಸ್ತಿ ಬಿಗಿದ್ರೆ ಹುಲ್ಲು ಅಮುಕಿ ಹೋಗುತ್ತೆ, ಸಡಿಲ ಬಿಟ್ರೆ ಸಂದೀಲಿ ಗಾಳಿ ನುಗ್ಗುತ್ತೆ. ಈ ಹದ ಸಿಗೋಕೆ ನನಗೆ ಮೂರು ರಾತ್ರಿ ಬೇಕಾಯ್ತು. ಒಳಗೆ ಒಬ್ಬರು ಮಲಗಿರುವಾಗ ಇನ್ನೊಬ್ಬರು ಹಗ್ಗ ಸರಿ ಮಾಡಿದ್ರೆ ಒಂದೇ ದಿನಕ್ಕೆ ಆಗುತ್ತೆ. ನನ್ನ ಹೆಂಡತಿ ಸರಿ ಮಾಡಿದ್ದು. ದಾರೀಲಿ ಹೋಗೋರು ನೋಡಿ, ಏನ್ರಮ್ಮ, ಯಜಮಾನ್ರನ್ನ ತೂಗ್ತಿದ್ದೀರಾ ಅಂತ ಕೇಳಿದ್ರು.

ಅದರ ನಡುವೆ ಒಂದು ಅತಿಬುದ್ಧಿ ಮಾಡಿದೆ. ಗಾಳಿ ತಡೆಯೋಕೆ ಅಂತ ಗೊಬ್ಬರದ ಪ್ಲಾಸ್ಟಿಕ್ ಚೀಲ ಹೊಲಿದು ಜೋಲಿಗೇ ಅಂಟಿಸಿ ಸುತ್ತಿದೆ. ಬೆಳಿಗ್ಗೆ ಎದ್ರೆ ಬೆನ್ನೆಲ್ಲಾ ಒದ್ದೆ. ಇಬ್ಬನಿ ಒಳಗೆ ಹೆಂಗೆ ಬಂತು ಅಂತ ತಲೆ ಕೆಡಿಸ್ಕೊಂಡೆ. ಇಬ್ಬನಿ ಅಲ್ಲ ಅದು, ನನ್ನ ಮೈ ಆವಿನೇ. ಪ್ಲಾಸ್ಟಿಕ್ ದಾಟೋಕೆ ಆಗದೆ ತಣ್ಣಗಾಗಿ ನೀರಾಗಿತ್ತು. ಒದ್ದೆ ಆದ್ರೆ ಚಳಿ ಎರಡರಷ್ಟು. ಆಮೇಲೆ ಪ್ಲಾಸ್ಟಿಕ್ ಚೀಲನ ಹುಲ್ಲಿನ ಗೋಣಿಯ ಕೆಳಗೆ, ಗಾಳಿ ಬೀಸೋ ಕಡೆಗೆ ಮಾತ್ರ ಪರದೆ ಥರ ಇಳಿಬಿಟ್ಟೆ. ಹುಲ್ಲು ಮಾತ್ರ ಚೆನ್ನಾಗಿ ಒಣಗಿರಬೇಕು. ಹಗಲು ಬಿಸಿಲಿಗೆ ಹಾಕಿ ಸಂಜೆ ಕಟ್ತಿದ್ದೆ.

ತಲೆ ಮೇಲೆ ಒಂದು ಟಾರ್ಪಾಲ್ ಬೇಕೇ ಬೇಕು, ಮಳೆ ಇಲ್ಲದಿದ್ರೂ. ಮೋಡ ಇಲ್ಲದ ರಾತ್ರಿ ಚುಕ್ಕಿ ಫಳಫಳ ಹೊಳೀತಿದ್ರೆ ಚಳಿ ಜಾಸ್ತಿ ಅಂತ ಎಲ್ಲರಿಗೂ ಗೊತ್ತು, ನೆಲದ ಶಾಖ ಎಲ್ಲಾ ನೇರ ಆಕಾಶಕ್ಕೆ ಹೋಗುತ್ತೆ. ಅವರೆಗೆ ಸೊಗಡು ಕೂರಿಸೋ ಅದೇ ಇಬ್ಬನಿ ನಮ್ಮ ಕಂಬಳಿ ಮೇಲೂ ಕೂರುತ್ತೆ. ಮೇಲೆ ಮರೆ ಇದ್ರೆ ಎರಡೂ ಕಮ್ಮಿ. ಆದರೆ ಟಾರ್ಪಾಲ್ ನಾಲ್ಕೂ ಕಡೆ ನೆಲಕ್ಕೆ ಮುಚ್ಚೋದು ಬೇಡ, ಎರಡು ಕಡೆ ತೆರೆದೇ ಇರಲಿ. ಅದರೊಳಗೆ ಕೆಂಡ, ಸೀಮೆಎಣ್ಣೆ ಸ್ಟೌ, ಗ್ಯಾಸ್ ಒಲೆ ಯಾವುದೂ ಬೇಡ. ಬೆಂಕಿ ಹಾಕೋದಾದ್ರೆ ದೂರ ಹಾಕಿ, ಕಾಯಿಸ್ಕೊಂಡು ಆರಿಸಿ ಬನ್ನಿ. ಈ ಬಟ್ಟೆ ನೈಲಾನು, ಪಕ್ಕದಲ್ಲಿ ಹುಲ್ಲು. ಒಂದು ಕಿಡಿ ಸಾಕು. ತಗ್ಗಿನಲ್ಲಿ, ಹಳ್ಳದ ಪಕ್ಕ ಕಟ್ಟಬೇಡಿ. ತಣ್ಣನೆ ಗಾಳಿ ನೀರಿನ ಥರ ಇಳಿದು ಅಲ್ಲೇ ನಿಲ್ಲುತ್ತೆ. ನಮ್ಮ ಬದು ಹೊಲಕ್ಕಿಂತ ನಾಲ್ಕಡಿ ಎತ್ತರ ಇದೆ ಅಷ್ಟೇ, ಆದ್ರೂ ವ್ಯತ್ಯಾಸ ಗೊತ್ತಾಗ್ತಿತ್ತು.

ಶಾಖಕ್ಕೆ ಕೆಂಡದ ಬದಲು ನಾನು ಮಾಡಿದ್ದು ನೀರಿನ ಬಾಟ್ಲು. ಮನೆ ಹಂಡೆಯ ಬಿಸಿನೀರು ಸ್ಟೀಲ್ ಬಾಟ್ಲೀಲಿ ತುಂಬಿ, ಮುಚ್ಚಳ ಭದ್ರ ಮಾಡಿ, ಹಳೇ ಕಾಲುಚೀಲದೊಳಗೆ ತೂರಿಸಿ ತೊಡೆ ಸಂದೀಲಿ ಇಟ್ಕೊಂಡ್ರೆ ರಾತ್ರಿ ಎರಡು ಗಂಟೆವರೆಗೆ ಬರುತ್ತೆ. ಹಗಲು ಕೆಲಸ ಮಾಡಿದ ಬೆವರಿನ ಬನಿಯನ್ನಲ್ಲೇ ಮಲಗಬೇಡಿ, ಬೇರೆ ಒಣಗಿದ್ದು ಹಾಕ್ಕೊಳ್ಳಿ. ಹೊಟ್ಟೆ ತುಂಬಾ ಮುದ್ದೆ, ಅವರೆಕಾಳು ಸಾರು ತಿಂದು ಹೋಗಿ. ಹಸಿದ ಹೊಟ್ಟೆಗೆ ಚಳಿ ಬೇಗ ಹತ್ತುತ್ತೆ. ಇನ್ನು ಚಳಿಗೆ ಎಣ್ಣೆ ಒಳ್ಳೇದು ಅನ್ನೋ ಸ್ನೇಹಿತರಿಗೆ ಒಂದು ಮಾತು. ಕುಡಿದಾಗ ಬೆಚ್ಚಗೆ ಅನ್ನಿಸೋದು ನಿಜ, ರಕ್ತ ಚರ್ಮದ ಹತ್ತಿರ ಬಂದು ಇದ್ದ ಶಾಖ ಹೊರಗೆ ಹೋಗ್ತಿರುತ್ತೆ, ಅದಕ್ಕೇ ಹಾಗನ್ನಿಸೋದು. ಬೆಳಗಿನ ಜಾವಕ್ಕೆ ನಡುಕ. ಇದನ್ನ ಬರೆದಿದ್ದಕ್ಕೆ ನನ್ನ ಮೇಲೆ ಬೇಜಾರಾಗೋರು ಆಗ್ಲಿ.

ಇರುವೆ ಹಗ್ಗದ ಮೇಲೆ ಹತ್ತಿ ಬರ್ತವೆ. ಎರಡೂ ತುದೀಲಿ ಬೇವಿನೆಣ್ಣೆ ಅದ್ದಿದ ಬಟ್ಟೆ ಸುತ್ತಿದ್ರೆ ಸುಮಾರಾಗಿ ನಿಲ್ಲುತ್ತೆ. ನಾಯಿ ಕರ್ಕೊಂಡು ಹೋಗಬೇಡಿ, ಚಿರತೆ ಬರೋದು ನಮಗಲ್ಲ, ನಾಯಿಗೆ. ನಾನು ಮೋಟ್ರು ಮನೆ ಬಲ್ಬು ರಾತ್ರಿಯಿಡೀ ಉರಿಸ್ತಿದ್ದೆ.

ಐದನೇ ರಾತ್ರಿ ಎಚ್ಚರ ಆದಾಗ ಕೋಳಿ ಕೂಗ್ತಿತ್ತು. ಒಂದೇ ನಿದ್ದೆ. ಆ ಖುಷೀಲಿ ಒಂದು ತಪ್ಪೂ ಆಯ್ತು, ಹಂದಿ ಬಂದು ಮೂಡಲ ಮೂಲೇಲಿ ಎಂಟು ಹತ್ತು ಅರಿ ಕೆದಕಿ ಹೋಗಿದ್ವು. ಬೆಚ್ಚಗೆ ಮಲಗೋದನ್ನ ಕಲಿತ ಮೇಲೆ ಎಚ್ಚರ ಆಗೋಕೆ ಮೊಬೈಲ್ ಅಲಾರಾಂ ಎರಡು ಗಂಟೆಗೊಂದು ಇಡಬೇಕಾಯ್ತು.

ಮೆದೆ ಒಟ್ಟೋ ದಿನ ಸಂಜೆ ತಂಗಿ ಹೊಲಕ್ಕೆ ಬಂದಳು. ಒಬ್ಬಳೇ. ಅವರೆಕಾಯಿಗೆ ಬಂದೆ ಅಂದಳು, ಅವರ ಹೊಲದಲ್ಲೂ ಅವರೆ ಇದೆ. ಏನೂ ಮಾತಾಡದೆ ಜೋಲಿ ಸುತ್ತ ಒಂದು ಸುತ್ತು ಬಂದಳು. ಬಗ್ಗಿ ಕೆಳಗಿನ ಗೋಣಿ ಅಮುಕಿ ನೋಡಿದಳು. "ಇದ್ರೊಳಗೆ ಏನಿದೆಯಣ್ಣ?" ಅಂದಳು. ಹುಲ್ಲು ಅಂದೆ. "ಬರೀ ಹುಲ್ಲೇನಾ?" ಬರೀ ಹುಲ್ಲು ಕಣಮ್ಮ, ಬೇಕಾದ್ರೆ ಹೊಲಿಗೆ ಬಿಚ್ಚಿ ತೋರಿಸ್ತೀನಿ ಅಂದೆ. ಆಮೇಲೆ ಮೋಟ್ರು ಮನೆಗೆ ಹೋಗಿ ಹೊಸ ಕಿಟಕೀಲಿ ಕೈ ಆಡಿಸಿ ನೋಡಿದಳು. ವಾಪಸ್ ಬಂದು ಜೋಲಿ ಅಂಚಲ್ಲಿ ಕೂತಳು. ಹೊತ್ತು ಮುಳುಗೋವರೆಗೂ ಕೂತಿದ್ಲು. ಹುಡುಗ ಹೇಗಿದ್ದಾನೆ ಅಂತ ಕೇಳೋಕೆ ನನಗೆ ಬಾಯಿ ಬರಲಿಲ್ಲ, ಅವಳೇ ಹೇಳಿದ್ಲು, ಪರೀಕ್ಷೆಗೆ ಓದ್ತಿದ್ದಾನೆ ಅಂತ.

ಸಂಕ್ರಾಂತಿ ದಿನ ಹುಡುಗನೇ ಎಳ್ಳು ತಂದುಕೊಟ್ಟ. ಹೆಂಡತಿ ಅಟ್ಟದ ಮೇಲಿಂದ ಆ ಡಬ್ಬಿ ಇಳಿಸಿ ತೊಳೆದು ತುಂಬಿ ಕಳಿಸಿದಳು.

ಚೀಲದ ಹುಲ್ಲನ್ನ ಮೊನ್ನೆ ಬಿಚ್ಚಿ ಹಸುವಿಗೆ ಹಾಕಿದೆ. ಮೂಸಿ ನೋಡಿ ಮುಖ ತಿರುಗಿಸ್ತು, ಬೇವಿನೆಣ್ಣೆ ವಾಸನೆ ಇರಬೇಕು. ಎರಡನೇ ದಿನ ತಿಂತು. ಗೋಣಿ ಮಡಿಚಿ ಇಟ್ಟಿದ್ದೀನಿ. ಹೊಲಿಯೋದು ಹೇಗೆ ಅಂತ ನೋಡಬೇಕು ಅನ್ನೋರು ಸಂತೆ ದಿನ ಬಿಟ್ಟು ಯಾವತ್ತಾದ್ರೂ ಮನೆ ಹತ್ರ ಬನ್ನಿ.